ಬೇಟೆಗೊಂದು ದುರ್ಬೀನು ಕೇಳಿದ ಹುಡುಗನಿಗೆ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೈತರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ಶಿಬಿರ ಮುಗಿದು ಎಲ್ಲರೂ ಊಟಕ್ಕೆ ಏಳುತ್ತಿದ್ದಾಗ ಪಾವಗಡದ ಕಡೆಯ ತರುಣನೊಬ್ಬ ನನ್ನ ಬಳಿ ಬಂದು, "ಸಾರ್, ಬೇಟೆಗೆ ಆಗೋ ಅಂಥ ದುರ್ಬೀನು ಕಡಿಮೆ ದುಡ್ಡಿಗೆ ಯಾವುದು ಸಿಗುತ್ತೆ?" ಎಂದು ಕೇಳಿದ. ಸುತ್ತಲಿದ್ದವರು ನಕ್ಕರು, ಹಿರಿಯರೊಬ್ಬರು ಗದರಿದರು. ಹುಡುಗ ತಲೆ ತಗ್ಗಿಸಿಕೊಂಡು ಹೋದ. ಆತನ ತಾತ ಯುಗಾದಿಯ ಮರುದಿನ ಬಲೆ, ನಾಯಿಗಳೊಡನೆ ಬೆಟ್ಟ ಸುತ್ತಿದವರೆಂದು ಆಮೇಲೆ ತಿಳಿಯಿತು. ಅಲ್ಲದೆ ಹೊರದೇಶಗಳಿಂದ ಬರುವ ಎಷ್ಟೋ ದುರ್ಬೀನುಗಳ ಪೆಟ್ಟಿಗೆಯ ಮೇಲೆ ಬೇಟೆಗೆಂದೇ ಬರೆದಿರುತ್ತದೆ. ಹುಡುಗ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಅಂದು ಕೊಡಲಾಗದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಕೊಡುತ್ತಿದ್ದೇನೆ.

ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಕಲಮು ಅನುಸೂಚಿಗಳಲ್ಲಿ ಹೆಸರಿಸಿದ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ನಮ್ಮ ಕೃಷ್ಣಮೃಗ, ಚಿಂಕಾರ, ಕರಡಿ, ಚಿರತೆಗಳೆಲ್ಲ ಮೊದಲ ಅನುಸೂಚಿಯಲ್ಲಿವೆ. ಕೋವಿ ಹಾರಿಸಿದರೆ ಮಾತ್ರ ಬೇಟೆಯೆಂದು ನಮ್ಮಲ್ಲಿ ಅನೇಕರ ನಂಬಿಕೆ. ಕಾಯ್ದೆಯ ಪ್ರಕಾರ ಉರುಳು ಒಡ್ಡುವುದು, ಬಲೆ ಹಾಕುವುದು, ಪ್ರಾಣಿಯನ್ನು ಅಟ್ಟಿಕೊಂಡು ಹೋಗುವುದು, ಹಕ್ಕಿಯ ಮೊಟ್ಟೆ ಗೂಡುಗಳನ್ನು ಕೆಡಿಸುವುದು, ಇವೂ ಬೇಟೆಯೇ. ಹೊಲದ ಬದುವಿನಲ್ಲಿ ಹಂದಿಗೆಂದು ಇಟ್ಟ ತಂತಿಯ ಉರುಳೂ ಇದರೊಳಗೆ ಬರುತ್ತದೆ.

ಆದರೆ ತಾತನ ಬೇಟೆ ಕೋವಿ ಬಲೆಗಳಿಗಷ್ಟೇ ಸೇರಿದ್ದಾಗಿರಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಪ್ರಾಣಿ ಯಾವ ಹೊತ್ತಿಗೆ ಯಾವ ಹಳ್ಳಕ್ಕೆ ಇಳಿಯುತ್ತದೆ, ಗೊರಸಿನ ಗುರುತು ನಿನ್ನೆಯದೋ ಇಂದಿನದೋ ಎಂಬುದನ್ನೆಲ್ಲ ಬಲ್ಲವನು ಬೇಟೆಗಾರ. ಅಂಥ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಅವರ ಅರಿವು ನಮಗೆ ಬೇಕು. ಪ್ರಾಣಿಯನ್ನು ಕೊಲ್ಲದೆ ಆ ಅರಿವನ್ನು ಉಳಿಸಿಕೊಳ್ಳಲು ಇರುವ ಸಾಧನಗಳಲ್ಲಿ ದುರ್ಬೀನು ಒಂದು.

ಒಂದು ಉದಾಹರಣೆ ಹೇಳುತ್ತೇನೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ನಿಮಗೆ ಗೊತ್ತೇ ಇದೆ. 2007ರಲ್ಲಿ ಅಲ್ಲಿನ 798 ಎಕರೆಯನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹುಲ್ಲುಗಾವಲಿನ ಗಡಿ ಜಿಂಕೆಗೆ ತಿಳಿಯುವುದಿಲ್ಲ. ಅದು ಪಕ್ಕದ ಹೊಲಕ್ಕೂ ಬರುತ್ತದೆ. ಆ ಸೀಮೆಯ ರೈತರೊಬ್ಬರು ತಮ್ಮ ಕಡಲೆಕಾಯಿಯನ್ನೆಲ್ಲ ಜಿಂಕೆಯೇ ತಿಂದಿತೆಂದು ನೊಂದು ನನ್ನನ್ನು ಕರೆದೊಯ್ದರು. ನಾಲ್ಕು ದಿನ ನಸುಕಿನಲ್ಲಿಯೂ ಸಂಜೆಯಲ್ಲಿಯೂ ಬದುವಿನ ಬೇವಿನ ಮರದಡಿ ದುರ್ಬೀನು ಹಿಡಿದು ಕುಳಿತೆವು. ಜಿಂಕೆಗಳು ಬೀಳು ನೆಲದ ಅಂಚಿನ ಕೆಲವು ಸಾಲುಗಳಲ್ಲಿ ಚಿಗುರು ಮೇಯ್ದು ಹಿಂದಿರುಗುತ್ತಿದ್ದವು. ಬುಡ ಸಹಿತ ಗಿಡ ಮಗುಚಿ ಕಾಯಿ ತಿಂದದ್ದು ಕತ್ತಲಾಗುವ ಹೊತ್ತಿಗೆ ಹಳ್ಳದ ಪೊದೆಯಿಂದ ಏರಿ ಬಂದ ಹಂದಿಗಳು. ರೈತರು ಹೊಲದ ಸುತ್ತಲೂ ಬೇಲಿ ಹಾಕುವ ಖರ್ಚನ್ನು ಬಿಟ್ಟು ಹಳ್ಳದ ಮಗ್ಗುಲನ್ನಷ್ಟೇ ಭದ್ರಪಡಿಸಿದರು. ಉರುಳಿನ ಮಾತು ಅಲ್ಲಿಗೆ ನಿಂತಿತು.

ಬೆಟ್ಟದ ಬುಡದಲ್ಲಿ ಕುರಿ ಮೇಯಿಸುವವರಿಗಂತೂ ಇದು ಪ್ರಾಣದ ಪ್ರಶ್ನೆ. ಕರಡಿಯ ಗಾಯದ ಗುರುತು ಇರುವವರು ಈ ಸಭೆಯಲ್ಲೇ ಇದ್ದಾರೆ. ಸಂಜೆ ಬಂಡೆಗಳ ನಡುವಿನ ಗವಿಯ ಬಾಯನ್ನು ದೂರದಿಂದ ನೋಡಿ, ತಾಯಿ ಮರಿಗಳು ಹೊರಗಿವೆಯೆಂದು ತಿಳಿದು ಮಂದೆಯನ್ನು ಬೇರೆ ದಾರಿಗೆ ತಿರುಗಿಸಬಹುದು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಅವನ್ನು ಕಾಯುತ್ತ ಬಂದಿದ್ದಾರೆ. ತೊಂದರೆಯಾಗುವುದು ನೋಡಲು ಬರುವ ನಮ್ಮಂಥವರಿಂದ. ಮರದ ಬುಡಕ್ಕೇ ಹೋಗಿ ಗಲಾಟೆ ಮಾಡಿದರೆ ತಾಯಿ ಹಕ್ಕಿ ಏಳುತ್ತದೆ, ಮರಿ ಬಿಸಿಲಿಗೆ ಬೀಳುತ್ತದೆ. ದುರ್ಬೀನಿದ್ದರೆ ರಸ್ತೆಯಲ್ಲೇ ನಿಲ್ಲಬಹುದು.

ಇನ್ನು ಕೊಳ್ಳುವ ವಿಚಾರ. ನಾನು ಮೊದಲು ಮೋಸಹೋದದ್ದನ್ನೇ ಹೇಳಿಬಿಡುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ಜಾತ್ರೆಯೊಂದರಲ್ಲಿ 30×60 ಎಂದು ಬರೆದಿದ್ದ ಪುಟ್ಟ ದುರ್ಬೀನನ್ನು ಕೊಂಡೆ. ಮುಂದಿನ ಗಾಜಿಗೆ ಕೆಂಪು ಬಣ್ಣದ ಲೇಪ, ಮಾಣಿಕ್ಯದಂತೆ ಹೊಳೆಯುತ್ತಿತ್ತು. ಅದರಲ್ಲಿ ನೋಡಿದರೆ ಹೊಲವೆಲ್ಲ ಹಸಿರು ನೀಲಿ, ಹತ್ತು ನಿಮಿಷಕ್ಕೆ ತಲೆನೋವು. ಒಂದು ದಿನ ಅಡಿಪಟ್ಟಿ ಇಟ್ಟು ಗಾಜನ್ನು ಅಳೆದೆ. ಅರವತ್ತು ಮಿಲಿಮೀಟರ್ ಇರಬೇಕಾದದ್ದು ಇಪ್ಪತ್ತೆರಡು ಇತ್ತು!

ದುರ್ಬೀನಿನ ಮೇಲಿನ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 8×42ರಲ್ಲಿ ಐದು ಮಿಲಿಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ನಿಮ್ಮ ಕಣ್ಣಿಗೆ ಬಂದು ಸೇರುವ ಬೆಳಕಿನ ಬಿಲ್ಲೆಯ ಅಗಲ ಅದು. 20×50ರಲ್ಲಿ ಆ ಬಿಲ್ಲೆ ಎರಡೂವರೆ ಮಿಲಿಮೀಟರ್ ಮಾತ್ರ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗುವುದರಿಂದ ವ್ಯತ್ಯಾಸ ತಿಳಿಯದು. ಹಂದಿ, ಕರಡಿ ಹೊರಬೀಳುವ ಮುಸ್ಸಂಜೆಯಲ್ಲಿ ತಿಳಿಯುತ್ತದೆ. ಹಿರಿಯರೇ, ವಯಸ್ಸಾದಂತೆ ಪಾಪೆ ಮೊದಲಿನಷ್ಟು ಹಿಗ್ಗುವುದಿಲ್ಲ. ಆದ್ದರಿಂದ 7×50ರಂಥ ಭಾರದ ಸಾಧನಕ್ಕೆ ಹೆಚ್ಚು ಹಣ ಕೊಟ್ಟರೂ ನಿಮಗೆ ಅಷ್ಟು ಲಾಭವಿಲ್ಲ.

ಹೆಚ್ಚು ಪಟ್ಟು ಇದ್ದರೆ ಒಳ್ಳೆಯದಲ್ಲವೇ ಎಂದು ಹುಡುಗರು ಕೇಳುತ್ತೀರಿ. ಹತ್ತು ಪಟ್ಟು ದಾಟಿದರೆ ಕೈಯ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ನೋಟದ ಬಯಲು ಕಿರಿದಾಗುತ್ತದೆ. ಓಡುವ ಜಿಂಕೆಯನ್ನು ಹುಡುಕುವಷ್ಟರಲ್ಲಿ ಅದು ಹೊರಟುಹೋಗಿರುತ್ತದೆ. ಅದಲ್ಲದೆ ಪಾವಗಡದ ಬಯಲಿನಲ್ಲಿ ಹನ್ನೊಂದು ಗಂಟೆಯಾಯಿತೆಂದರೆ ಬಿಸಿಲ್ಗುದುರೆ ಕುಣಿಯುತ್ತದೆ. ಇಪ್ಪತ್ತು ಪಟ್ಟಿನ ಗಾಜು ಆ ಕುಣಿತವನ್ನೇ ಇಪ್ಪತ್ತು ಪಟ್ಟು ಮಾಡಿ ತೋರಿಸುತ್ತದೆ. ನಮ್ಮ ಸೀಮೆಗೆ 8×40 ಅಥವಾ 8×42 ಸಾಕು. ಪಟ್ಟು ಹಿಗ್ಗಿಸಿ ಕುಗ್ಗಿಸುವ ಜೂಮ್ ದುರ್ಬೀನು ಅಗ್ಗದ ಬೆಲೆಯಲ್ಲಿ ಎಂದೂ ಬೇಡ.

ಒಳಗಿನ ಪಟ್ಟಕಗಳ ಜೋಡಣೆಯಲ್ಲಿ ಪೋರೋ, ರೂಫ್ ಎಂದು ಎರಡು ಬಗೆ. ನೆಟ್ಟಗೆ ಕೊಳವೆಯಂತಿರುವ ರೂಫ್ ನೋಡಲು ಚೆಂದ, ಹಗುರ. ಆದರೆ ಅದನ್ನು ಚೆನ್ನಾಗಿ ಮಾಡಲು ಖರ್ಚು ಹೆಚ್ಚು. ಹಣ ಕಡಿಮೆಯಿದ್ದಾಗ ಹೆಗಲು ಅಗಲವಿರುವ ಹಳೆಯ ಮಾದರಿಯ ಪೋರೋ ಕೊಳ್ಳಿರಿ. ಒಲಿಂಪಸ್, ನಿಕಾನ್ ಕಂಪನಿಗಳ ಈ ಬಗೆಯವು ಸುಮಾರಾಗಿ ಐದರಿಂದ ಹತ್ತು ಸಾವಿರ ರೂಪಾಯಿಯೊಳಗೆ ದೊರೆತಿವೆ, ಅಂದರೆ ಒಂದು ಕುರಿಯ ಬೆಲೆ. ಸಾವಿರ ರೂಪಾಯಿಯದನ್ನು ಕೊಂಡು ಮೂಲೆಗೆಸೆಯುವುದಕ್ಕಿಂತ ಹತ್ತು ಮನೆ ಸೇರಿ ಇಂಥದೊಂದನ್ನು ಕೊಂಡು ಶಾಲೆಯಲ್ಲೋ ಹಾಲಿನ ಡೇರಿಯಲ್ಲೋ ಇಡುವುದು ಲೇಸು.

ಅಂಗಡಿಯಲ್ಲಿ ನಾಚಿಕೆಪಡದೆ ಪರೀಕ್ಷಿಸಿ. ಅಡಿಪಟ್ಟಿ ಜೇಬಿನಲ್ಲಿರಲಿ. ದುರ್ಬೀನನ್ನು ಒಂದು ಮೊಳ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ, ಕಣ್ಣಿಡುವ ಗಾಜಿನಲ್ಲಿ ಕಾಣುವ ಬಿಲ್ಲೆಯನ್ನು ನೋಡಿ. ದುಂಡಗಿದ್ದರೆ ಪಟ್ಟಕ ಒಳ್ಳೆಯದು, ಅಂಚು ಕತ್ತರಿಸಿ ಚೌಕದಂತಿದ್ದರೆ ಅಗ್ಗದ ಗಾಜು. ದೂರದ ಬೋರ್ಡಿನ ಅಕ್ಷರ ಓದಿ. ಎರಡು ಕಣ್ಣಿಗೆ ಎರಡು ಬೋರ್ಡು ಕಂಡರೆ ಅಥವಾ ಕಣ್ಣು ಎಳೆದಂತಾದರೆ ಹಿಂದಿರುಗಿಸಿ; ಕೊಳವೆಗಳೆರಡೂ ಒಂದೇ ನೇರಕ್ಕಿಲ್ಲ, ಮನೆಯಲ್ಲಿ ಸರಿಪಡಿಸಲು ಬರುವುದಿಲ್ಲ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಬೇಕು.

ಧೂಳು ಬಿದ್ದರೆ ಪಂಚೆಯ ತುದಿಯಿಂದ ಒರೆಸಬೇಡಿ, ನಮ್ಮ ಕೆಮ್ಮಣ್ಣು ಗಾಜನ್ನು ಗೀರುತ್ತದೆ. ಮೊದಲು ಗಾಳಿ ಊದಿ, ಆಮೇಲೆ ಮೆತ್ತನೆಯ ಹತ್ತಿಬಟ್ಟೆ. ಸೂರ್ಯನ ಕಡೆ ಎಂದೂ ತಿರುಗಿಸಬಾರದು. ತಿರುಮಣಿಯ ಸೋಲಾರ್ ಪಾರ್ಕಿನ ಸುತ್ತ ಇರುವವರು ಫಲಕಗಳಲ್ಲಿ ಹೊಳೆಯುವ ಸೂರ್ಯನನ್ನೂ ನೋಡಕೂಡದು, ಕಣ್ಣು ಹೋದೀತು.

ನಾನು ಎರಡು ದುರ್ಬೀನು ತಂದಿದ್ದೇನೆ. ಒಂದು 8×40, ಇನ್ನೊಂದು ಆ ಜಾತ್ರೆಯದೇ, ಹೋಲಿಸಿ ನೋಡಲೆಂದು. ನಾಳೆ ಬೆಳಿಗ್ಗೆ ಐದೂವರೆಗೆ ಇಲ್ಲಿಂದ ಮೈದನಹಳ್ಳಿಗೆ ಹೊರಡೋಣ. ಪ್ರಶ್ನೆ ಕೇಳಿದ ಹುಡುಗನೂ ಬಂದಿದ್ದಾನೆ, ತಾತನನ್ನೂ ಕರೆತಂದಿದ್ದಾನೆ. ನಾಳೆ ಗಾಳಿ ನೋಡಿ ನಾವು ಎಲ್ಲಿ ಕೂರಬೇಕೆಂದು ಹೇಳುವವರು ಅವರೇ.