ಘಟ್ಟದ ಮೇಲಿನ ದೊರೆ, ಬಂದರಿನ ಕಾಫಿ

ಇವತ್ತಿನ ಕಥೆ ಮಂಗಳೂರಿನ ಹಳೇ ಬಂದರಿನಿಂದ ಶುರು. ಆದರೆ ಕಥೆಯ ನಾಯಕ ಇರುವುದು ಇಲ್ಲಿಂದ ನೂರು ಕಿಲೋಮೀಟರಿಗೂ ದೂರ, ಘಟ್ಟದ ಮೇಲೆ, ಸಕಲೇಶಪುರದ ಕಡೆ. ಆಗ ಆ ಸೀಮೆಗೆ ಮಂಜರಾಬಾದ್ ಅಂತ ಹೆಸರು. ಟಿಪ್ಪು ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ ಉಂಟಲ್ಲ, ಅದೇ ಜಾಗ.

ಅವನ ಹೆಸರು ರಾಬರ್ಟ್ ಹೆನ್ರಿ ಎಲಿಯಟ್. ಸ್ಕಾಟ್ಲೆಂಡಿನ ಜಮೀನುದಾರರ ಮನೆಯ ಹುಡುಗ. 1850ರ ದಶಕದ ನಡುವಿನಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿಗೇ, ಮೈಸೂರು ಸೀಮೆಗೆ ಬಂದು ಕಾಡು ಕಡಿಸಿ ಕಾಫಿ ಹಾಕಿದ. 1871ರಲ್ಲಿ ಮೈಸೂರಿನ ಕಾಡುಗಳ ಅನುಭವದ ಬಗ್ಗೆ ಪುಸ್ತಕ ಬರೆದ. 1894ರಲ್ಲಿ ಇನ್ನೊಂದು ಬರೆದ. ಅದರಲ್ಲಿ ಚಿನ್ನ, ಬೇಟೆ, ಕಾಫಿ ಎಲ್ಲ ಉಂಟು. ಜೊತೆಗೆ ಮೈಸೂರು ಪ್ರಜಾಪ್ರತಿನಿಧಿ ಸಭೆ, ಕಾಂಗ್ರೆಸ್, ಜಾತಿಪದ್ಧತಿ, ಬೆಳ್ಳಿ ರೂಪಾಯಿಯ ಬೆಲೆ ಕೂಡ. ಅಂದರೆ ಈ ಮನುಷ್ಯನಿಗೆ ತೋಟ ಬೇರೆ, ರಾಜಕೀಯ ಬೇರೆ ಆಗಿರಲಿಲ್ಲ.

ಇದನ್ನು ಓದುವಾಗ ನನಗೆ ಅಮೆರಿಕದ ವರ್ಜೀನಿಯಾ ನೆನಪಾಗ್ತದೆ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಅಲ್ಲಿನ ಹೊಗೆಸೊಪ್ಪಿನ ತೋಟದ ಯಜಮಾನರೇ ಶಾಸನಸಭೆಯಲ್ಲೂ ಕೂತಿದ್ದರು. ಜಾರ್ಜ್ ವಾಷಿಂಗ್ಟನ್, ಥಾಮಸ್ ಜೆಫರ್ಸನ್ ಇಬ್ಬರೂ ಹಾಗೆಯೇ. ಎಲ್ಲ ಮನುಷ್ಯರೂ ಸಮಾನರು ಅಂತ 1776ರಲ್ಲಿ ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ತೋಟದ ಒಡೆಯನೇ ಕಾನೂನು ಮಾಡುವವನಾದರೆ ತೋಟದಲ್ಲಿ ಬಗ್ಗಿ ದುಡಿಯುವವನ ಪಾಲಿಗೆ ಏನು ಬರ್ತದೆ? ನನ್ನ ಇವತ್ತಿನ ಪ್ರಶ್ನೆ ಅದು.

ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು 1881ರಲ್ಲಿ. ದಿವಾನ್ ರಂಗಾಚಾರ್ಲು ಅವರ ಕೆಲಸ. ಮೊದಲ ಸಭೆಗೆ ಬಂದವರು 144 ಮಂದಿ. ಕಾನೂನು ಮಾಡುವ ಅಧಿಕಾರ ಅದಕ್ಕೆ ಇರಲಿಲ್ಲ. ಅಹವಾಲು ಹೇಳಬಹುದು, ದಿವಾನರು ಕೇಳಿಸಿಕೊಳ್ಳಬೇಕು. ಆ ಕಾಲಕ್ಕೆ ಅದೂ ದೊಡ್ಡದೇ. ಅಲ್ಲಿ ಕಾಫಿ ಪ್ಲಾಂಟರುಗಳಿಗೆ ಜಾಗ ಇತ್ತು. ಎಲಿಯಟ್ ಆ ಸಭೆಯನ್ನು ಹತ್ತಿರದಿಂದ ಕಂಡವನು, ಮನಸಾರೆ ಮೆಚ್ಚಿದವನು. ಅದೇ ಎಲಿಯಟ್ ಕಾಂಗ್ರೆಸ್ಸನ್ನು ಒಪ್ಪಲಿಲ್ಲ, ಜಾತಿಪದ್ಧತಿಯಿಂದ ಒಳ್ಳೆಯದೇ ಉಂಟು ಅಂತ ವಾದಿಸಿದ. ಅವನನ್ನು ಒಂದೇ ಬಣ್ಣದಲ್ಲಿ ಬಳಿಯಲಿಕ್ಕೆ ಆಗುವುದಿಲ್ಲ. ಮಣ್ಣಿನ ಬಗ್ಗೆ ಅವನಿಗಿದ್ದ ಶ್ರದ್ಧೆ ನಿಜವಾದದ್ದು. ಊರಿಗೆ ಹೋದಾಗ ಅಲ್ಲಿನ ಜಮೀನಿನಲ್ಲಿ ಆಳಕ್ಕೆ ಬೇರು ಬಿಡುವ ಹುಲ್ಲು ಬೆಳೆಸಿ ಮಣ್ಣಿಗೆ ಜೀವ ತುಂಬುವ ಪದ್ಧತಿಯನ್ನೇ ರೂಪಿಸಿದ. ಸಾವಯವ ಕೃಷಿಯವರು ಇವತ್ತಿಗೂ ಅದನ್ನು ನೆನೆಸ್ತಾರೆ.

ಆದರೆ ಆ ತೋಟಕ್ಕೆ ಕೆಲಸದವರು ಎಲ್ಲಿಂದ ಬಂದರು? ಇಲ್ಲಿ ನಮ್ಮ ಜಿಲ್ಲೆ ಬರ್ತದೆ.

ತುಳುನಾಡಿನಲ್ಲಿ ಆಗ ಮೂಲದಾಳುಗಳಿದ್ದರು. ಜಮೀನಿನ ಜೊತೆ ಕೈಬದಲಾಗುವ ಜೀತದವರು. 1843ರ 5ನೇ ಕಾಯಿದೆ ಬಂದ ಮೇಲೆ ಕೋರ್ಟು ಅಂಥ ಒಡೆತನವನ್ನು ಒಪ್ಪುವುದನ್ನು ನಿಲ್ಲಿಸಿತು. ಕಾಗದದಲ್ಲಿ ಬಿಡುಗಡೆ, ಹೊಟ್ಟೆಗೆ ಮಾತ್ರ ಅದೇ ಹಳೇ ಅಂಗಳ. ಅಂಥವರಿಗೆ ಘಟ್ಟದ ಕಾಫಿ ತೋಟ ಇನ್ನೊಂದು ದಾರಿ ತೋರಿಸಿತು. ಕರಾವಳಿಯಲ್ಲಿ ಕೊಯ್ಲು ಮುಗಿಯುತ್ತಲೇ ಮೇಸ್ತ್ರಿ ಬರ್ತಾನೆ, ಕೈಗೆ ಮುಂಗಡ ಇಡ್ತಾನೆ. ಚಾರ್ಮಾಡಿಯೋ, ಶಿರಾಡಿಯೋ, ಸಂಪಾಜೆಯೋ ಹತ್ತಿ ನಡೆದೇ ಹೋಗುವುದು. ಮಳೆಗಾಲಕ್ಕೆ ಮೊದಲು ನೇಜಿ ನೆಡಲಿಕ್ಕೆ ಇಳಿದು ಬರುವುದು. ಕೆಲವರು ಮಲೆನಾಡಿನ ಚಳಿಜ್ವರಕ್ಕೆ ಸಿಕ್ಕಿ ಇಳಿದು ಬರಲೇ ಇಲ್ಲ.

ಮುಂಗಡ ಅಂದೆನಲ್ಲ, ಗಂಟು ಅಲ್ಲೇ ಇರುವುದು. 1859ರ 13ನೇ ಕಾಯಿದೆ ಅಂತ ಒಂದಿತ್ತು. ಮುಂಗಡ ತೆಗೆದುಕೊಂಡವ ಕೆಲಸಕ್ಕೆ ಹೋಗದಿದ್ದರೆ ಮ್ಯಾಜಿಸ್ಟ್ರೇಟರು ಹಣ ಹಿಂದೆ ಕೊಡು ಅಥವಾ ಕೆಲಸ ಮುಗಿಸು ಅಂತ ಆಜ್ಞೆ ಮಾಡಬಹುದು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಾಲದ ವ್ಯವಹಾರ ಜೈಲಿನ ವ್ಯವಹಾರ ಆಯಿತು. ಮಾತಿಗೆ ತಪ್ಪಿದ ಧಣಿಗೆ ಈ ಕಾಯಿದೆಯಲ್ಲಿ ಜೈಲು ಇಲ್ಲ. ಪ್ಲಾಂಟರುಗಳಿಗೆ ಸಭೆಯಲ್ಲಿ ಕುರ್ಚಿ ಇತ್ತು, 1893ರಲ್ಲಿ ಉಪಾಸಿ ಅಂತ ದಕ್ಷಿಣ ಭಾರತಕ್ಕೆಲ್ಲ ಸೇರಿ ಸಂಘವೂ ಆಯಿತು. ಘಟ್ಟ ಹತ್ತಿದ ನಮ್ಮ ಜನಕ್ಕೆ ಮೇಸ್ತ್ರಿ ಬಿಟ್ಟರೆ ಮಾತಾಡುವವರಿಲ್ಲ. ಈ ಕಾಯಿದೆ ರದ್ದಾದದ್ದು 1926ರಲ್ಲಿ. 67 ವರ್ಷ! ನನಗೆ ಈ ಲೆಕ್ಕ ಹಾಕುವಾಗ ಹೊಟ್ಟೆಯಲ್ಲಿ ಸಂಕಟ ಆಗ್ತದೆ.

ಜನ ಹತ್ತಿದ ದಾರಿಯಲ್ಲೇ ಕಾಫಿ ಇಳಿಯಿತು, ಎತ್ತಿನ ಗಾಡಿಯಲ್ಲಿ. ಮಲೆನಾಡಿನ ತೇವದಲ್ಲಿ ಬೀಜ ಸರಿ ಒಣಗುವುದಿಲ್ಲ, ಮಂಗಳೂರಿನ ಬಿಸಿಲೇ ಬೇಕು. ಹಾಗಾಗಿ ಇಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು ಎದ್ದವು. ಅಂಗಳದಲ್ಲಿ ಹರಡಿ ಒಣಗಿಸುವುದು, ಸಿಪ್ಪೆ ತೆಗೆಯುವುದು, ಆಮೇಲೆ ಸಾಲಾಗಿ ಕೂತ ಹೆಂಗಸರು ಕಪ್ಪಾದ, ಒಡೆದ ಬೀಜವನ್ನು ಬೆರಳಲ್ಲಿ ಆರಿಸುವುದು.

ಒಂದು ಸಂಗತಿ ನನಗೆ ತುಂಬಾ ಇಷ್ಟ. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮೊದಲು ಹಾಯಿ ಹಡಗು ಆಫ್ರಿಕಾ ಸುತ್ತಿ ಯುರೋಪಿಗೆ ಹೋಗ್ತಿತ್ತು. ತಿಂಗಳುಗಟ್ಟಲೆ ಕಡಲ ತೇವ ಕುಡಿದ ಬೀಜ ಉಬ್ಬಿ, ಹಸಿರು ಬಿಟ್ಟು ಹೊಂಬಣ್ಣಕ್ಕೆ ತಿರುಗ್ತಿತ್ತು, ಹುಳಿ ಕಡಿಮೆ ಆಗ್ತಿತ್ತು. ಪ್ರಯಾಣ ಚಿಕ್ಕದಾದ ಮೇಲೆ ಆ ರುಚಿ ಹೋಯಿತು, ಅಲ್ಲಿನವರಿಗೆ ಅದೇ ಬೇಕು. ಆಗ ಕರಾವಳಿಯವರು ಮಳೆಗಾಲದ ಗಾಳಿಯನ್ನೇ ಬಳಸಿದರು. ಬದಿ ತೆರೆದ ಗೋದಾಮಿನಲ್ಲಿ ಬೀಜ ಹರಡಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋರಿ ತಿರುವಿ, ಸಡಿಲ ಚೀಲಕ್ಕೆ ತುಂಬಿ ಗಾಳಿಗೆ ಇಟ್ಟರು. ಮಾನ್ಸೂನ್ಡ್ ಮಲಬಾರ್ ಅಂತ ಇವತ್ತು ಜಗತ್ತು ಕುಡಿಯುವ ಕಾಫಿ ಅದು. ಮಂಗಳೂರಿನಲ್ಲಿ ಈಗಲೂ ಮಾಡ್ತಾರೆ.

ಎಲಿಯಟ್ 1914ರಲ್ಲಿ ತೀರಿಕೊಂಡ. ಅವನ ಪುಸ್ತಕ ಈಗಲೂ ಓದಲಿಕ್ಕೆ ಸಿಗ್ತದೆ. ಮುಂಗಡ ಹಿಡಿದು ಘಟ್ಟ ಹತ್ತಿದವರು ಪುಸ್ತಕ ಬರೆಯಲಿಲ್ಲ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಘಟ್ಟಕ್ಕೆ ಹೋದವರಿದ್ದರೆ, ಅಥವಾ ಹೋದವರ ಮಾತು ಕೇಳಿದವರಿದ್ದರೆ, ಈ ವಾರವೇ ಹತ್ತಿರ ಕೂತು ಕೇಳಿ: ಯಾವ ತೋಟ, ಯಾವ ಮೇಸ್ತ್ರಿ, ಎಷ್ಟು ಮುಂಗಡ, ರಾತ್ರಿ ಎಲ್ಲಿ ತಂಗಿದರು. ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ. ತುಳುವಿನಲ್ಲಿದ್ದರೆ ತುಳುವಿನಲ್ಲೇ ಇರಲಿ.