ಗಿರಣಿಯವನ ಹೆಸರು

ಜರ್ಮನಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಧರಿಸಿರುವ ಕುಲನಾಮ ಮುಲ್ಲರ್. ಹಿಟ್ಟಿನ ಗಿರಣಿ ನಡೆಸುವವನು ಎಂಬುದೇ ಅದರ ಅರ್ಥ. ಉತ್ತರದಲ್ಲಿ ಅದು ಮೊಲ್ಲರ್ ಎಂದೂ ದಕ್ಷಿಣದಲ್ಲಿ ಮುಲ್ನರ್ ಎಂದೂ ರೂಪಾಂತರ ಹೊಂದಿದೆ. ಊರ ತುಂಬ ಬೇಸಾಯಗಾರರೇ ಇರುವಾಗ ಒಬ್ಬನನ್ನು ‘ಬೇಸಾಯಗಾರ’ ಎಂದು ಕರೆದರೆ ಗುರುತು ಸಿಕ್ಕೀತೆ? ಹೊಳೆಯ ನೀರಿನಿಂದ ತಿರುಗುವ ಗಿರಣಿಯಾದರೋ ಸಾಮಾನ್ಯವಾಗಿ ಊರಿಗೊಂದು. ಆದ್ದರಿಂದ ಅದನ್ನು ನಡೆಸುವವನಿಗೆ ಕಸುಬೇ ಹೆಸರಾಯಿತು. ಮಧ್ಯಯುಗದ ಕೊನೆಯ ಶತಮಾನಗಳಲ್ಲಿ ತಂದೆಯಿಂದ ಮಗನಿಗೆ ಇಳಿದು ಕುಲನಾಮವಾಗಿ ನೆಲೆನಿಂತಿತು.

ಆ ಕಸುಬಿಗೆ ಅಂದು ಹೆಚ್ಚಿನ ಗೌರವವಿರಲಿಲ್ಲ. ಅನೇಕ ಕಡೆ ರೈತರು ಒಡೆಯನು ಗೊತ್ತುಮಾಡಿದ ಗಿರಣಿಯಲ್ಲೇ ಧಾನ್ಯ ಬೀಸಿಸಬೇಕಾಗಿತ್ತು. ಗಿರಣಿಯವನು ಕೂಲಿಯನ್ನು ಅದರಲ್ಲೇ ಅಳೆದುಕೊಳ್ಳುತ್ತಿದ್ದ. ಅಳೆಯುವ ಕೈಯ ಮೇಲೆ ಸಂಶಯ ಮೂಡುವುದು ಸಹಜ. ಎಷ್ಟೋ ಪ್ರದೇಶಗಳಲ್ಲಿ ಅವನ ಮಕ್ಕಳಿಗೆ ಕುಶಲಕರ್ಮಿಗಳ ಸಂಘಗಳಲ್ಲಿ ಪ್ರವೇಶವಿರಲಿಲ್ಲ. ಈ ಬಹಿಷ್ಕಾರ ಸಲ್ಲದೆಂದು 1548ರಲ್ಲಿ ಸಾಮ್ರಾಜ್ಯದ ಶಾಸನವೇ ಸಾರಬೇಕಾಯಿತು. ಕಾಲಕ್ರಮದಲ್ಲಿ ತಿರಸ್ಕಾರ ಅಳಿಯಿತು, ಹೆಸರು ಉಳಿಯಿತು.

ಉಳಿದ ಹೆಸರು ಕಸುಬಿಗೆ ಕಟ್ಟುಬೀಳಲಿಲ್ಲ. ಕವಿ ವಿಲ್‌ಹೆಲ್ಮ್ ಮುಲ್ಲರ್ ದರ್ಜಿಯ ಮಗ. ಆತನ ಪ್ರಸಿದ್ಧ ಕವನಮಾಲೆಯ ನಾಯಕಿ ಮಾತ್ರ ಗಿರಣಿಯವನ ಮಗಳು. ಈ ಕವಿಯ ಮಗನೇ ವಿಜಯನಗರದ ಸಾಯಣನ ಭಾಷ್ಯದೊಡನೆ ಋಗ್ವೇದವನ್ನು 1849ರಿಂದ 1874ರವರೆಗೆ ಸಂಪಾದಿಸಿ ಪ್ರಕಟಿಸಿದ ಮ್ಯಾಕ್ಸ್ ಮುಲ್ಲರ್. ಸಂಸ್ಕೃತದಲ್ಲಿ ಆತ ತನ್ನ ಹೆಸರನ್ನು ‘ಮೋಕ್ಷಮೂಲರ’ ಎಂದು ಬರೆದುಕೊಂಡ. ಹಿಟ್ಟಿನ ಧೂಳಿನಲ್ಲಿ ಹುಟ್ಟಿದ ಪದ ಮೋಕ್ಷದ ಮೂಲವನ್ನು ಧ್ವನಿಸಿತು. ಹೆಸರನ್ನು ಇಟ್ಟವರು ನೆರೆಹೊರೆಯವರು. ಅದಕ್ಕೆ ಅರ್ಥವನ್ನು ತುಂಬಿದವರು ಅದನ್ನು ಹೊತ್ತು ಬಾಳಿದವರು.