‘ದಟ್’ ಎಲ್ಲಿ ಬರಬೇಕು?
(ಸುವರ್ಣ ಮಹೋತ್ಸವದ ಗುರುವಂದನಾ ಸಮಾರಂಭದಲ್ಲಿ ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಹಳೆಯ ನೆನಪುಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಸಾರ್ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ತಿರುಗಿದವನಿಗೆ ನೆನಪುಗಳಿಗೇನೂ ಬರವಿಲ್ಲ. ಆದರೆ ನಾನು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ಆ ಪದ ‘ದಟ್’. ಹಳೆಯ ವಿದ್ಯಾರ್ಥಿಗಳು ನಗುತ್ತಿದ್ದೀರಿ. ನಗಿ. ಆ ಪದಕ್ಕಾಗಿ ನಿಮ್ಮಲ್ಲಿ ಎಷ್ಟೋ ಜನ ನನ್ನಿಂದ ಬೈಸಿಕೊಂಡಿದ್ದೀರಿ.

ಈ ಶಾಲೆಗೆ ಬರುವುದಕ್ಕೆ ಮುಂಚೆ, ಮುಳಬಾಗಿಲು ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಆಗ ನನ್ನದೊಂದು ಕಟ್ಟಳೆ: ರಜೆ ಬೇಕಾದವರು ಇಂಗ್ಲಿಷಿನಲ್ಲಿ ಅರ್ಜಿ ಬರೆದು ಕೈಗೆ ಕೊಟ್ಟೇ ಹೋಗಬೇಕು. ಒಂದು ದಿನ ಬೆಳಿಗ್ಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅರ್ಜಿ ತಂದಳು. ಅದರಲ್ಲಿ ಹೀಗಿತ್ತು: ‘ಮೈ ಗ್ರ್ಯಾಂಡ್‌ಮದರ್ ಡೈಡ್ ದಟ್ ಐ ಆಮ್ ವೆರಿ ಸ್ಯಾಡ್.’ ನಾನು ಕೆಂಪು ಶಾಯಿಯಲ್ಲಿ ‘ದಟ್’ಗೆ ಸುತ್ತು ಹಾಕಿದೆ. ‘ಐ ಆಮ್ ವೆರಿ ಸ್ಯಾಡ್’ ಅನ್ನುವುದನ್ನು ಮುಂದಕ್ಕೆ ತಂದು ಬಾಣದ ಗುರುತು ಎಳೆದೆ. ಇಡೀ ತರಗತಿಗೆ ಕೇಳುವಂತೆ, “ದಟ್ ಎಲ್ಲಮ್ಮಾ ಬರಬೇಕು?” ಎಂದೆ. ಮಕ್ಕಳು ನಕ್ಕರು. ಸರಿಯಾದ ವಾಕ್ಯವನ್ನು ಹತ್ತು ಸಲ ಬರೆದು ತೋರಿಸು ಎಂದೆ. ಅವಳು ಕೂತು ಹತ್ತು ಸಲ ಬರೆದಳು, ತೋರಿಸಿದಳು, ಹೋದಳು. ಅವರ ಮನೆಯಲ್ಲಿ ಇನ್ನೂ ಹೆಣ ಎತ್ತಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಮಧ್ಯಾಹ್ನ, ಶಿಕ್ಷಕರ ಕೊಠಡಿಯಲ್ಲಿ.

ವಾಕ್ಯವನ್ನು ತಿದ್ದಿದವನು ವಾಕ್ಯವನ್ನು ಓದಿರಲಿಲ್ಲ. ಅದು ಒಂದು ತಪ್ಪು. ಇನ್ನೊಂದು ತಪ್ಪು ನನಗೆ ಅರ್ಥವಾಗಲು ಇನ್ನೂ ನಾಲ್ಕೈದು ವರ್ಷ ಬೇಕಾಯಿತು. ಶ್ರೀನಿವಾಸಪುರಕ್ಕೆ ವರ್ಗವಾಗಿದ್ದೆ. ಮಾವಿನ ಕಾಲ. ಬಸ್ ನಿಲ್ದಾಣದಲ್ಲಿ ಇಬ್ಬರು ಹೆಂಗಸರು ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಒಬ್ಬಾಕೆ, “ಮಾ ಅವ್ವ ಚನಿಪೋಯಿಂದನಿ ನಾಕು ಬಾಧ” ಎಂದಳು. ನಮ್ಮ ಅಜ್ಜಿ ತೀರಿಕೊಂಡಳು ಅಂತ ನನಗೆ ದುಃಖ. ಅಲ್ಲೇ ನಿಂತುಬಿಟ್ಟೆ. ಆ ‘ಅನಿ’ಯೇ ಹುಡುಗಿಯ ‘ದಟ್’! ಅವಳು ತನ್ನ ಮನೆಮಾತನ್ನು ಒಂದು ಅಕ್ಷರವೂ ಆಚೀಚೆ ಆಗದಂತೆ ಇಂಗ್ಲಿಷಿಗೆ ತಂದಿದ್ದಳು.

ನಮ್ಮ ಜಿಲ್ಲೆಯ ಮಾತುಗಳನ್ನೇ ನೋಡಿ. ಕನ್ನಡದಲ್ಲಿ ‘ಎಂದು’, ‘ಅಂತ’. ತೆಲುಗಿನಲ್ಲಿ ‘ಅನಿ’. ಮಾಲೂರಿನಿಂದ ಹೊಸೂರಿನ ಕಡೆಗೆ ಹೋದರೆ ತಮಿಳಿನಲ್ಲಿ ‘ವರೇನ್ನು ಸೊನ್ನಾನ್’, ಬರ್ತೀನಿ ಅಂತ ಹೇಳಿದ. ಮೂರರ ಬೇರೂ ಹೇಳು, ಅನ್ನು ಎಂಬ ಕ್ರಿಯಾಪದವೇ. ಮೂರೂ ಮಾತಿನ ಕೊನೆಗೇ ಬರುತ್ತವೆ. ರಾಗಿ ಮೂಟೆ ತುಂಬಿದ ಮೇಲೆ ಬಾಯಿ ಹೊಲಿದ ಹಾಗೆ. ನಮ್ಮ ಮುಸ್ಲಿಂ ಮಕ್ಕಳ ದಖನಿ ಇನ್ನೂ ಸೊಗಸು. ದಿಲ್ಲಿ ಕಡೆಯವರು ‘ಕಹಾ ಕಿ ಕಲ್ ಛುಟ್ಟಿ ಹೈ’ ಎಂದು ‘ಕಿ’ಯನ್ನು ಮೊದಲೇ ಇಟ್ಟರೆ, ನಮ್ಮವರು ‘ಕಲ್ ಛುಟ್ಟಿ ಹೈ ಬೋಲ್‌ಕೆ ಬೋಲೆ’ ಅನ್ನುತ್ತಾರೆ. ಬೋಲ್‌ಕೆ ಅಂದರೆ ‘ಅಂತ’ವೇ. ಉತ್ತರದಿಂದ ಬಂದ ಮಾತು ನಮ್ಮ ನೀರು ಕುಡಿದು ಗಂಟನ್ನು ಕೊನೆಗೆ ಹಾಕುವುದನ್ನು ಕಲಿಯಿತು.

ಇಂಗ್ಲಿಷಿನ ದಾರಿ ಬೇರೆ. ಅದರ ‘ದಟ್’ ಹುಟ್ಟಿದ್ದು ‘ಅದು’ ಎಂದು ಬೆರಳು ತೋರುವ ಪದದಿಂದ. ‘ಐ ಆಮ್ ಗ್ಲ್ಯಾಡ್ ದಟ್ ಯು ಕೇಮ್’ ಎಂದರೆ, ನನಗೆ ಸಂತೋಷ, ಅದು ಏನೆಂದರೆ, ನೀವು ಬಂದಿರಿ. ಮೊದಲು ಮನಸ್ಸಿನ ಸ್ಥಿತಿ, ಆಮೇಲೆ ಬೆರಳು, ಕೊನೆಗೆ ಸಂಗತಿ. ಗ್ಲ್ಯಾಡ್, ಸಾರಿ, ಶೂರ್, ಪ್ರೌಡ್, ಅಫ್ರೇಡ್, ಸರ್ಪ್ರೈಸ್ಡ್ ಮುಂತಾದ ಗುಣವಾಚಕಗಳೆಲ್ಲ ಹೀಗೆ ‘ದಟ್’ ಅನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತವೆ. ‘ಶೂರ್ ಆಫ್ ದಟ್ ಹಿ ವಿಲ್ ಕಮ್’ ಎಂದು ನಡುವೆ ‘ಆಫ್’ ತೂರಿಸಬೇಡಿ. ‘ದಟ್’ ಅನ್ನೇ ಬಿಟ್ಟು ‘ಐ ಆಮ್ ಗ್ಲ್ಯಾಡ್ ಯು ಕೇಮ್’ ಎಂದರೂ ನಡೆಯುತ್ತದೆ.

ಬೆಂಗಳೂರಿನ ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, 1963ರಲ್ಲಿ ಶುರುವಾದದ್ದು. ಅಲ್ಲಿಗೆ ತರಬೇತಿಗೆ ಹೋದಾಗ ಎ. ಎಸ್. ಹಾರ್ನ್‌ಬಿಯವರ ವಾಕ್ಯ ಮಾದರಿಗಳ ಪುಸ್ತಕ ಕೈಗೆ ಸಿಕ್ಕಿತು. 1954ರದು. ಯಾವ ಕ್ರಿಯಾಪದದ ಮುಂದೆ, ಯಾವ ಗುಣವಾಚಕದ ಮುಂದೆ ಏನು ಬರಬಹುದು ಎಂದು ಒಂದೊಂದನ್ನೇ ಬಿಡಿಸಿಟ್ಟಿದ್ದಾರೆ. ಹಾರ್ನ್‌ಬಿ ಬಹಳ ವರ್ಷ ಪಾಠ ಹೇಳಿದ್ದು ಜಪಾನಿನಲ್ಲಿ. ಜಪಾನೀ ಭಾಷೆಯಲ್ಲೂ ಕ್ರಿಯಾಪದ ಕೊನೆಗೇ, ‘ಎಂದು’ ಅನ್ನುವ ಅವರ ‘ತೊ’ ಕೂಡ ಮಾತು ಮುಗಿದ ಮೇಲೆಯೇ. ಅವರ ವಿದ್ಯಾರ್ಥಿಗಳು ಎಡವಿದ ಜಾಗದಲ್ಲೇ ನಮ್ಮ ಮಕ್ಕಳೂ ಎಡವುತ್ತಿರಬೇಕು ಎಂದುಕೊಂಡಾಗ ನನಗೆ ಒಂದು ಥರದ ಸಮಾಧಾನವಾಯಿತು.

ಇನ್ನೊಂದು ವಿಷಯ. ನಮ್ಮ ಭಾಷೆಯಲ್ಲಿರುವ ಒಂದು ಸೂಕ್ಷ್ಮ ಇಂಗ್ಲಿಷಿನ ‘ದಟ್’ನಲ್ಲಿ ಇಲ್ಲ. ‘ಮಳೆ ಬಂದದ್ದು ಸಂತೋಷ’ ಎಂದರೆ ಮಳೆ ಬಂದೇ ಬಂದಿದೆ. ‘ಮಳೆ ಬರುತ್ತೆ ಅಂತ ಧೈರ್ಯ’ ಎಂದರೆ ಅದು ಮನಸ್ಸಿನ ಮಾತು, ಆಗಲೂಬಹುದು, ಆಗದಿರಲೂಬಹುದು. ಹರಿಯುವ ನದಿಯಿಲ್ಲದ ಈ ಜಿಲ್ಲೆಯವರಿಗೆ ಎರಡರ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಎರಡು ಕಡೆಗೂ ಒಂದೇ ‘ದಟ್’. ವ್ಯತ್ಯಾಸವನ್ನು ಹೊರುವುದು ಹಿಂದಿನ ಗುಣವಾಚಕ. ಗ್ಲ್ಯಾಡ್, ಪ್ರೌಡ್ ಎಂದರೆ ಸಂಗತಿ ನಡೆದಿದೆ. ಹೋಪ್‌ಫುಲ್, ಕಾನ್ಫಿಡೆಂಟ್ ಎಂದರೆ ಇನ್ನೂ ಮನಸ್ಸಿನಲ್ಲಿದೆ. ಇದನ್ನು ತಿಳಿದ ಮೇಲೆ ನಾನು ಪಾಠದ ಕ್ರಮ ಬದಲಿಸಿದೆ. ಮೊದಲು ಮಕ್ಕಳು ಮನೆಮಾತಿನಲ್ಲಿ ವಾಕ್ಯ ಹೇಳಬೇಕು, ಯಾವ ಭಾಷೆಯಾದರೂ ಸರಿ. ‘ಅಂತ’, ‘ಅನಿ’, ‘ಬೋಲ್‌ಕೆ’ ಎಲ್ಲಿದೆ ಎಂದು ಅವರೇ ಗೆರೆ ಹಾಕಬೇಕು. ಆಮೇಲೆ ಮೂಟೆಯನ್ನು ತಿರುಗಿಸಿ ನಿಲ್ಲಿಸುವುದು. ಬೈಗುಳ ಅರ್ಧಕ್ಕರ್ಧ ಕಡಿಮೆಯಾಯಿತು.

‘ಇಟ್ ಈಸ್ ಟ್ರೂ ದಟ್’, ‘ಇಟ್ ಈಸ್ ಕ್ಲಿಯರ್ ದಟ್’ ಎನ್ನುವಾಗ ಮಕ್ಕಳು ಕೇಳುತ್ತಿದ್ದರು, ಈ ‘ಇಟ್’ ಯಾರು ಸಾರ್? ಯಾರೂ ಅಲ್ಲ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಹಾಕುತ್ತೀರಲ್ಲ, ಅದೇ. ನಿಜವಾದ ಪ್ರಯಾಣಿಕ ‘ದಟ್’ನ ಜೊತೆ ಹಿಂದಿನಿಂದ ಹತ್ತುತ್ತಾನೆ.

‘ರಿಮೂವ್ ಟೂ’ ಯಾರಿಗೆ ನೆನಪಿದೆ? ಎಲ್ಲರಿಗೂ! ‘ಹಿ ಈಸ್ ಟೂ ವೀಕ್ ಟು ವಾಕ್.’ ಟೂ ತೆಗೆದು ‘ಸೋ ವೀಕ್ ದಟ್’ ಮಾಡಿ. ಅರ್ಧ ತರಗತಿ ‘ಸೋ ವೀಕ್ ದಟ್ ಹಿ ಕ್ಯಾನ್ ವಾಕ್’ ಎಂದು ಬರೆದು ರೋಗಿಯನ್ನು ನಡೆಸಿಬಿಡುತ್ತಿತ್ತು. ‘ಟೂ’ ತನ್ನೊಳಗೆ ಒಂದು ‘ನಾಟ್’ ಬಚ್ಚಿಟ್ಟುಕೊಂಡಿದೆ, ಅದಕ್ಕೇ ಈ ಎಡವಟ್ಟು. ಕನ್ನಡದಲ್ಲಿ ಹೇಳಿನೋಡಿ: ನಡೆಯಲಾರದಷ್ಟು ನಿಶ್ಶಕ್ತ. ‘ಅಷ್ಟು’ ಇದೆಯಲ್ಲ, ಅದು ‘ಸೋ’. ‘ಲಾರದ’ ಇದೆಯಲ್ಲ, ಅದು ‘ಕೆನಾಟ್’. ಎರಡೂ ಒಂದೇ ಪದದಲ್ಲಿ ಕೂತಿವೆ. ಗುಣವಾಚಕದ ಜಾಗದಲ್ಲಿ ಕ್ರಿಯಾವಿಶೇಷಣ ಬಂದರೂ ಲೆಕ್ಕ ಇದೇ: ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡಿದಳು, ‘ಸೋ ಸಾಫ್ಟ್ಲಿ ದಟ್ ನೋಬಡಿ ಹರ್ಡ್’. ‘ಎಷ್ಟು ಮೆಲ್ಲಗೆ ಎಂದರೆ’ ಎಂದು ಶುರುಮಾಡುವ ವಾಕ್ಯ ಈಗ ಪುಸ್ತಕಗಳಲ್ಲಿ ಹೆಚ್ಚಾಗಿದೆ. ತಪ್ಪೇನಿಲ್ಲ, ನನ್ನ ಕಿವಿಗೆ ‘ಕೇಳಿಸದಷ್ಟು’ ಎನ್ನುವುದೇ ಹಿತ.

‘ಐ ಆಮ್ ಅಫ್ರೇಡ್ ದಟ್ ದಿ ಹೆಡ್‌ಮಾಸ್ಟರ್ ಈಸ್ ನಾಟ್ ಇನ್’ ಎನ್ನುವುದನ್ನು ಒಬ್ಬ ಹುಡುಗ, ಹೆಡ್‌ಮಾಸ್ಟರು ಇಲ್ಲವೆಂದು ನನಗೆ ಹೆದರಿಕೆಯಾಗುತ್ತಿದೆ, ಎಂದು ಅನುವಾದಿಸಿದ್ದ. ಅದು ಬೇಸರದ ಸುದ್ದಿಯನ್ನು ಮೆತ್ತಗೆ ಹೇಳುವ ಮರ್ಯಾದೆಯ ಮಾತು, ಭಯವಲ್ಲ ಎಂದೆ. “ನಮಗೆ ಹೆದರಿಕೆ ಅವರು ಇದ್ದಾಗ ಸಾರ್” ಎಂದ. ಪೂರ್ತಿ ಅಂಕ ಕೊಟ್ಟೆ.

ಮಕ್ಕಳೇ, ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಇನ್ನೊಂದು ಎಂದು ಹಿಂಜರಿಯುತ್ತೀರಲ್ಲ, ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ, ಕಥೆ ಬರೆದದ್ದು ಕನ್ನಡದಲ್ಲಿ. ಮುಳಬಾಗಿಲಿನ ಡಿ.ವಿ.ಜಿ.ಯವರು ಕನ್ನಡದಲ್ಲೂ ಬರೆದರು, ಇಂಗ್ಲಿಷಿನಲ್ಲೂ ಪತ್ರಿಕೆ ನಡೆಸಿದರು. ಆದ್ದರಿಂದ ತರಗತಿಯಲ್ಲಿ ತೆಲುಗು ಬಾಯಿಗೆ ಬಂದರೆ ನಾಚಿಕೊಳ್ಳಬೇಡಿ.

ಆ ಹುಡುಗಿ ಮೂರು ದಿನ ಕಳೆದು ಶಾಲೆಗೆ ಬಂದಳು. ನಾನು ಏನೋ ಹೇಳಬೇಕೆಂದಿದ್ದೆ, ಹಾಜರಿ ಕರೆದೆ, ಅಷ್ಟೆ. ಅವಳು ಆಮೇಲೆ ಎಸ್ಸೆಸ್ಸೆಲ್ಸಿ ಪಾಸಾದಳು, ಇಂಗ್ಲಿಷಿನಲ್ಲೂ. ರಜೆ ಅರ್ಜಿಯ ಕಟ್ಟಳೆಯನ್ನು ನಾನು ಅದೇ ವಾರ ತೆಗೆದುಹಾಕಿದೆ. ಮನೆಯಲ್ಲಿ ಸಾವಾದರೆ ಯಾರ ಕೈಲಾದರೂ ಬಾಯಿಮಾತಿನಲ್ಲಿ ಹೇಳಿಕಳಿಸಿದರೆ ಸಾಕು ಎಂದೆ, ಯಾವ ಭಾಷೆಯಲ್ಲಾದರೂ.

ಹತ್ತು ನಿಮಿಷ ಅಂದಿದ್ದರು, ಮೀರಿದೆ. ಅಡುಗೆಯವರು ಆಗಲೇ ಎರಡು ಸಲ ಇಣುಕಿ ನೋಡಿದ್ದಾರೆ.